ಸಹಾಯ ಬೇಕು: ಬೋಟಿನ ಶಾಫ್ಟಿಗೆ ಸುತ್ಕೊಳ್ಳೋ ಬಲೆ, ಹಗ್ಗ ಕೊಯ್ಯೋಕೆ ಯಾವ ಥರದ ಕಟರ್ ಹಾಕ್ಸೋದು?

ಎಲ್ರಿಗೂ ನಮಸ್ಕಾರ, ಕುಶಾಲನಗರದಿಂದ. ಹಾರಂಗಿ ಹಿನ್ನೀರಲ್ಲಿ ನಮ್ದೊಂದು ಚಿಕ್ಕ ಡೀಸೆಲ್ ಬೋಟಿದೆ, ಇನ್‌ಬೋರ್ಡ್ ಇಂಜಿನ್ನು (ಬೋಟಿನ ಒಳಗೇ ಇರೋದು), ಪ್ರೊಪೆಲ್ಲರ್ ತಿರುಗ್ಸೋ ಶಾಫ್ಟ್ 25 ಎಂಎಂ ದಪ್ಪ. ನೀರು ಇಳಿದಾಗ ಮರದ ಬೊಡ್ಡೆಗಳಿಗೆ ಸಿಕ್ಕಾಕೊಂಡ ಹಳೇ ಬಲೆ ಎಲ್ಲಾ ಮೇಲೆ ಬರ್ತದೆ, ಹೋದ ವಾರ ಅದು ಪ್ರೊಪೆಲ್ಲರಿಗೆ ಸುತ್ಕೊಂಡು ಇಂಜಿನ್ ಗಕ್ ಅಂತ ನಿಂತೇ ಹೋಯ್ತು. ಇಳಿದು ನೋಡಿದ್ರೆ ನೈಲಾನ್ ಕರಗಿ ಶಾಫ್ಟಿಗೆ ಕಲ್ಲಿನ ಥರ ಅಂಟಿತ್ತು ಮಾರಾಯ್ರೆ, ಹ್ಯಾಕ್ಸಾ ಬ್ಲೇಡಲ್ಲಿ ಎರಡು ಗಂಟೆ ಕೊಯ್ದೆ. ತಮ್ಮ ಜೊತೆಗಿದ್ದ, ಅವನಿಗೆ ಈಜು ಬರಲ್ಲ, ನಂಗೆ ಅದೇ ಭಯ.

ಕಟರಲ್ಲಿ ನಂಗೆ ಗೊತ್ತಿರೋದು ಎರಡು ಥರ, ಶಾಫ್ಟಿಗೆ ಎರಡು ಹೋಳಾಗಿ ಬಿಗಿಯೋ ಚೂಪಾದ ಡಿಸ್ಕು, ಇನ್ನೊಂದು ಕತ್ತರಿ ಥರದ್ದು, ಶಾಫ್ಟ್ ಜೊತೆ ತಿರುಗೋ ಬ್ಲೇಡ್ ಒಂದು, ಶಾಫ್ಟ್ ಹಿಡ್ಕೊಂಡಿರೋ ಬೇರಿಂಗಿನ ಹೌಸಿಂಗಿಗೆ (ಹೊರಗಿನ ಕವಚಕ್ಕೆ) ಬಿಗಿದ, ತಿರುಗದ ಬ್ಲೇಡ್ ಒಂದು. ಡಿಸ್ಕ್ ಫಿಟಿಂಗ್ ಸುಲಭ, ಆದ್ರೆ ದಪ್ಪ ಹಗ್ಗಕ್ಕೆ ಕತ್ತರಿನೇ ವಾಸಿ ಅನ್ಸ್ತದೆ. ನಮ್ದ್ರಲ್ಲಿ ಬೇರಿಂಗಿಗೂ ಪ್ರೊಪೆಲ್ಲರಿಗೂ ಮಧ್ಯ 30 ಎಂಎಂ ಅಷ್ಟೇ ಗ್ಯಾಪು, ಕತ್ತರಿ ಥರದ್ದು ಕೂರ್ತದಾ? ಶಾಫ್ಟ್ ಹಿಂದಕ್ಕೆ ಸರಿಸೋಣ ಅಂದ್ರೆ ಬೇರಿಂಗಿನಾಚೆ ಉದ್ದ ಜಾಸ್ತಿಯಾಗಿ ಅದುರ್ತದೆ, ಬೇಡ ಅಂದ್ರು ಮೆಕ್ಯಾನಿಕ್. ಹಾಕ್ಸಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಮಡಿಕೇರಿ ಕಡೆ ಫಿಟ್ ಮಾಡೋರು ಸಿಗ್ತಾರಾ ಇಲ್ಲಾ ಮಂಗಳೂರಿಗೇ ಹೋಗ್ಬೇಕಾ? ಮಳೆ ಹಿಡಿಯೋ ಮುಂಚೆ ಮುಗಿಸ್ಬೇಕು.