ಬೈಕ್ ಕದ್ದ ಆರೋಪ, ಹುಡುಗನಿಗೆ 16: ಮುಂದೇನು?

ಪ್ರಶ್ನೆ: ಸರ್, ನನ್ನ ಅಕ್ಕನ ಮಗ ಫಸ್ಟ್ ಪಿಯುಸಿ, ವಯಸ್ಸು 16. 19 ವರ್ಷದ ಗೆಳೆಯನ ಜೊತೆ ಸೇರಿ ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸಿದ್ದ ಬೈಕ್ ಕದ್ದಿದ್ದಾನೆ ಅಂತ ನಿನ್ನೆ ಸಂಜೆ ಪೊಲೀಸರು ಕರೆದುಕೊಂಡು ಹೋದರು. ಆಧಾರ್‌ನಲ್ಲಿ ಹುಟ್ಟಿದ ವರ್ಷ ತಪ್ಪಾಗಿದೆ, 18 ದಾಟಿದ ಹಾಗೆ ತೋರಿಸುತ್ತೆ. ಜೈಲಿಗೆ ಹಾಕುತ್ತಾರಾ? ಅಕ್ಕ ರಾತ್ರಿಯಿಂದ ಊಟ ಮಾಡಿಲ್ಲ.

ವಕೀಲರು: ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹುಡುಕಿ, ಉಳಿದದ್ದೆಲ್ಲ ಆಮೇಲೆ. ಕಳ್ಳತನ ನಡೆದ ದಿನ 18 ತುಂಬಿರದಿದ್ದರೆ 2015ರ ಬಾಲ ನ್ಯಾಯ ಕಾಯ್ದೆ ಅನ್ವಯಿಸುತ್ತೆ. ವಯಸ್ಸಿಗೆ ಶಾಲೆಯ ದಾಖಲೆ ಅಥವಾ ಅಂಕಪಟ್ಟಿ ನೋಡುತ್ತಾರೆ. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಈ ಸಾಲಿನಲ್ಲಿ ಆಧಾರ್ ಇಲ್ಲವೇ ಇಲ್ಲ.

ಲಾಕಪ್ಪಿಗೆ, ಜೈಲಿಗೆ ಹಾಕುವ ಹಾಗಿಲ್ಲ. ಕೋಳ ತೊಡಿಸುವ ಹಾಗೂ ಇಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕೇಸು ನೋಡುವ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಬೈಕ್ ಕಳ್ಳತನ ದೊಡ್ಡವರಿಗೆ ಜಾಮೀನುರಹಿತ ಅಪರಾಧ. ಹುಡುಗರಿಗೆ ಹಾಗಲ್ಲ, ಜಾಮೀನು ಕೊಡುವುದೇ ರೂಢಿ. ಹೊರಗೆ ಬಂದರೆ ಕೆಟ್ಟ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಅಥವಾ ನ್ಯಾಯಕ್ಕೆ ಧಕ್ಕೆ ಆಗುತ್ತೆ ಅನಿಸಿದರೆ ಮಾತ್ರ ಮಂಡಳಿ ಜಾಮೀನು ನಿರಾಕರಿಸಬಹುದು. ನಿಮ್ಮ ಕೇಸಿನಲ್ಲಿ ತೊಡಕು ಅಲ್ಲೇ ಇದೆ, ಆ 19ರ ಹುಡುಗನ ಮೇಲೆ ಹಳೇ ಕೇಸುಗಳಿದ್ದರೆ. ಹುಡುಗ ಯಾರ ಮನೆಯಲ್ಲಿರುತ್ತಾನೆ, ಯಾರು ನೋಡಿಕೊಳ್ಳುತ್ತಾರೆ ಅಂತ ಅಕ್ಕನೇ ಬಂದು ಹೇಳಲಿ. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವು ಸಿಗುತ್ತೆ.

ಪ್ರಶ್ನೆ: ಎಫ್‌ಐಆರ್ ಆಗಿದೆಯಂತೆ. ಇಬ್ಬರದ್ದೂ ಒಟ್ಟಿಗೇ ನಡೆಯುತ್ತಾ?

ವಕೀಲರು: ಇಲ್ಲ, ಬೇರೆ ಬೇರೆ. ಇವನೊಬ್ಬನೇ ಇದ್ದಿದ್ದರೆ ಎಫ್‌ಐಆರ್ ಬದಲು ಠಾಣೆಯ ಡೈರಿಯಲ್ಲಿ ಬರೆದುಕೊಳ್ಳಬೇಕಿತ್ತು. ಜೊತೆಗೆ ದೊಡ್ಡವನಿದ್ದಾನಲ್ಲ, ಅದಕ್ಕೇ. ಕಲಂ ಯಾವುದು ನೋಡಿ. ಭಾರತೀಯ ನ್ಯಾಯ ಸಂಹಿತೆಯ (ಈಗಿನ ದಂಡ ಕಾನೂನು) 303(2), ಅಂದರೆ ಸಾಮಾನ್ಯ ಕಳ್ಳತನ ಆದರೆ ದೊಡ್ಡವರಿಗೆ ಗರಿಷ್ಠ 3 ವರ್ಷ ಶಿಕ್ಷೆ, ಹಾಗಾಗಿ ಸಣ್ಣ ಅಪರಾಧದ ಲೆಕ್ಕ. 4 ತಿಂಗಳಲ್ಲಿ ವಿಚಾರಣೆ ಮುಗಿಯಬೇಕು, ಇನ್ನೆರಡು ತಿಂಗಳು ಕೊಟ್ಟರೂ ಮುಗಿಯದಿದ್ದರೆ ಕೇಸೇ ರದ್ದು. 305 (ಮನೆಯೊಳಗಿನ ಕಳ್ಳತನ, ಜನ ಅಥವಾ ಸರಕು ಸಾಗಿಸುವ ವಾಹನದ ಕಳ್ಳತನ ಇತ್ಯಾದಿ) ಹಾಕಿದ್ದರೆ ಆ ಶಿಕ್ಷೆ 7 ವರ್ಷದವರೆಗೂ ಹೋಗುತ್ತೆ, ಆಗ ಈ ಅನುಕೂಲ ಇಲ್ಲ.

ಇನ್ನೊಬ್ಬರು: ನನ್ನ ಬೈಕ್ ಹೋದ ಮೇಲೂ 8 ತಿಂಗಳು ಇಎಂಐ ಕಟ್ಟಿದೆ ಸರ್. ಇವರಿಗೆ ಸುಮ್ನೆ ಬುದ್ಧಿ ಹೇಳಿ ಬಿಡೋದಾ?

ವಕೀಲರು: ನಿಮ್ಮ ಸಿಟ್ಟು ನ್ಯಾಯವೇ. ಆದರೆ ಬರೀ ಬುದ್ಧಿಮಾತಲ್ಲ. ಸಮುದಾಯ ಸೇವೆ ಮಾಡಿಸಬಹುದು, ತಂದೆ ತಾಯಿಗೆ ದಂಡ ಹಾಕಬಹುದು, 3 ವರ್ಷದವರೆಗೆ ವಿಶೇಷ ಗೃಹಕ್ಕೂ (ತಪ್ಪು ಮಾಡಿದ ಮಕ್ಕಳನ್ನು ಇಟ್ಟು ತಿದ್ದುವ ಜಾಗ) ಕಳಿಸಬಹುದು. ಇದೇ ಗುಂಪಿನಲ್ಲಿ ಯಾರೋ ಹುಡುಗನ ಫೋಟೋ ಹಾಕಿದ್ದೀರಿ, ದಯವಿಟ್ಟು ತೆಗೆಯಿರಿ. ಗುರುತು ಬಯಲು ಮಾಡಿದರೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ: ಅಂಕಪಟ್ಟಿ ಸಿಕ್ಕಿತು ಸರ್! ಅಕ್ಕಿ ಡಬ್ಬದ ಹಿಂದೆ ಇತ್ತು. ಜೆರಾಕ್ಸ್ ಸಾಕಾ?

ವಕೀಲರು: ಒರಿಜಿನಲ್ ತನ್ನಿ, ಎರಡು ಜೆರಾಕ್ಸೂ ಇರಲಿ. ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ಇಸ್ಕೊಳ್ಳಿ. ಅಕ್ಕನಿಗೆ ಊಟ ಮಾಡಿಸಿ ಕರೆತನ್ನಿ, ಮಂಡಳಿ ಮುಂದೆ ಎಷ್ಟು ಹೊತ್ತು ಕಾಯಬೇಕೋ.