ಎರಡು ಬಾಲ್ ಪೈಥಾನ್ ಹೆಣೆದುಕೊಂಡಿವೆ: ಮಿಲನವೋ, ಕುಸ್ತಿಯೋ?

ಪ್ರಶ್ನೆ (ವಾಕಡ್, ಪುಣೆ): ನಮಸ್ಕಾರ ಡಾಕ್ಟ್ರೇ. ನನ್ನ ಹತ್ರ ಎರಡು ಬಾಲ್ ಪೈಥಾನ್ (ಆಫ್ರಿಕಾ ಮೂಲದ, ವಿಷವಿಲ್ಲದ ಚಿಕ್ಕ ಹೆಬ್ಬಾವು) ಇವೆ, ಎರಡೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿವೆ. ಕೊಟ್ಟವರು ಒಂದು ಗಂಡು, ಒಂದು ಹೆಣ್ಣು ಅಂದಿದ್ದರು. ಚಳಿ ಶುರುವಾದ ಮೇಲೆ ಒಂದೇ ಟ್ಯಾಂಕ್‌ಗೆ ಬಿಟ್ಟಿದ್ದೇನೆ. ಹಗಲಿಡೀ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ, ರಾತ್ರಿ ತಳ್ಳಾಡುತ್ತವೆ. ಚಿಕ್ಕದು ಇಲಿ ಮುಟ್ಟುತ್ತಿಲ್ಲ. ಇದು ಮಿಲನನಾ? ಕೂತು ನೋಡಿದರೆ ತೊಂದರೆ ಆಗುತ್ತಾ?

ಡಾಕ್ಟರ್: ತಲೆ ಕಡೆ ನೋಡಬೇಡಿ, ಬಾಲ ನೋಡಿ. ಮಿಲನ ಅಂದ್ರೆ ಎರಡರ ಬಾಲವೂ ಬುಡದಿಂದ ಸುತ್ತಿಕೊಂಡಿರುತ್ತವೆ, ಉಳಿದ ಮೈ ಹೆಚ್ಚುಕಮ್ಮಿ ಅಲುಗಾಡುವುದೇ ಇಲ್ಲ. ಅದಕ್ಕೂ ಮುಂಚೆ ಗಂಡು ಹೆಣ್ಣಿನ ಬೆನ್ನ ಮೇಲೆ ನಿಧಾನಕ್ಕೆ ಹರಿದಾಡುತ್ತದೆ. ಅದರ ಗುದದ್ವಾರದ ಎರಡೂ ಕಡೆ ಪುಟ್ಟ ಉಗುರಿನಂಥ ಮುಳ್ಳುಗಳಿವೆ, ಅವುಗಳಿಂದ ಹೆಣ್ಣಿನ ಮೈಯನ್ನು ಮೆಲ್ಲಗೆ ಕೆರೆಯುತ್ತದೆ. ಹೆಣ್ಣಿಗೆ ಒಪ್ಪಿಗೆ ಇದ್ದರೆ ಬಾಲ ಸ್ವಲ್ಪ ಎತ್ತುತ್ತದೆ. ಟಾರ್ಚ್ ಇಲ್ಲದೆ, ಮಂದ ಬೆಳಕಿನಲ್ಲಿ ತಾಳ್ಮೆಯಿಂದ ಕೂತರೆ ಇದೆಲ್ಲ ಬರಿಗಣ್ಣಿಗೇ ಕಾಣುತ್ತದೆ, ನಿಜಕ್ಕೂ ನೋಡುವಂಥದ್ದು. ಕುಸ್ತಿ ಆದರೆ ಮುಂಭಾಗ ಮೇಲೆತ್ತಿ ಒಂದರ ಕತ್ತನ್ನು ಇನ್ನೊಂದು ನೆಲಕ್ಕೆ ಒತ್ತುತ್ತದೆ. ಅದು ಎರಡು ಗಂಡುಗಳ ಆಟ.

ನೀವು ಹೇಳಿದ್ದರಲ್ಲಿ ನನಗೆ ಎರಡನೆಯದರ ವಾಸನೆ ಜಾಸ್ತಿ. ಹಗಲು ಒಂದರ ಮೇಲೊಂದು ಬಿದ್ದಿರೋದು ಪ್ರೀತಿಯೇನಲ್ಲ, ಬೆಚ್ಚಗಿನ ಮೂಲೆ ಒಂದೇ ಇದ್ದರೆ ಇಬ್ಬರೂ ಅಲ್ಲೇ ಸೇರುತ್ತಾರೆ. ಇವತ್ತೇ ಬೇರೆ ಬೇರೆ ಮಾಡಿ. ಆಮೇಲೆ ಪ್ರೋಬ್, ಅಂದ್ರೆ ತೆಳ್ಳನೆಯ ಸಲಾಕೆ, ಹಾಕಿ ಲಿಂಗ ಪರೀಕ್ಷೆ ಮಾಡಿಸಿ. ಗಂಡಾದರೆ ಸಲಾಕೆ ಬಾಲದೊಳಗೆ ಆಳಕ್ಕೆ ಹೋಗುತ್ತದೆ, ಹೆಣ್ಣಾದರೆ ಸ್ವಲ್ಪವೇ. ಮನೆಯಲ್ಲಿ ದಯವಿಟ್ಟು ಬೇಡ, ಒಳಗೆ ಗಾಯವಾಗುತ್ತದೆ.

ಚಿಕ್ಕದು ತಿನ್ನದಿರುವುದಕ್ಕೆ ಈಗಲೇ ಗಾಬರಿ ಬೇಡ. ಈ ಸಮಯದಲ್ಲಿ ಗಂಡುಗಳು ವಾರಗಟ್ಟಲೆ ತಿನ್ನದೆ ಇರುತ್ತವೆ. ಆದರೆ ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ನೂರಕ್ಕೆ ಹತ್ತರಷ್ಟು ಇಳಿದರೆ ತೋರಿಸಲೇಬೇಕು.

ಪ್ರಶ್ನೆ (ಅದೇ): ನಿಜವಾಗಿ ಜೋಡಿಯೇ ಆಗಿದ್ದು, ಬಾಲ ಸುತ್ತಿಕೊಂಡಿದ್ದರೆ ಬಿಡಿಸಬಹುದಾ?

ಡಾಕ್ಟರ್: ಬಿಡಿಸಲೇಬಾರದು. ಗಂಟೆಗಟ್ಟಲೆ, ಕೆಲವೊಮ್ಮೆ ಒಂದು ದಿನ ದಾಟಿಯೂ ಹಾಗೇ ಇರುತ್ತವೆ. ಎಳೆದರೆ ಗಂಡಿನ ಅಂಗಕ್ಕೆ ಪೆಟ್ಟು. ತಾವಾಗಿ ಬಿಟ್ಟ ಮೇಲೆ ಬೇರೆ ಮಾಡಿ, ಊಟವನ್ನೂ ಬೇರೆ ಬೇರೆಯೇ ಕೊಡಿ, ಇಲಿಯ ವಾಸನೆಗೆ ಒಂದು ಇನ್ನೊಂದನ್ನು ಕಚ್ಚಿಬಿಡಬಹುದು. ಹಳೇ ಫೋನ್ ಒಂದನ್ನು ಟ್ಯಾಂಕ್ ಎದುರು ಇಟ್ಟು ರೆಕಾರ್ಡ್ ಮಾಡಿ. ಪದೇ ಪದೇ ಮುಚ್ಚಳ ತೆಗೆಯೋದಕ್ಕಿಂತ ಅದು ಎಷ್ಟೋ ವಾಸಿ. ಹೆಣ್ಣು 1500 ಗ್ರಾಂ ಆದರೂ ತೂಗದೆ ಜೋಡಿ ಮಾಡುವ ಯೋಚನೆಯೇ ಬೇಡ.

ಪ್ರಶ್ನೆ (ಕೋಥ್ರೂಡ್): ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ಸಿಂಹಗಡದ ಬುಡದಲ್ಲಿ ಎರಡು ಹಾವು ಹಗ್ಗ ಹೊಸೆದ ಹಾಗೆ ಎದ್ದು ನಿಂತಿದ್ದವು. ನಾಗರಹಾವು ಕೇರೆ ಜೊತೆ ಕೂಡುತ್ತೆ, ಮೇಲೆ ಬಟ್ಟೆ ಹಾಕಿದರೆ ಒಳ್ಳೇದು ಅಂತಾರೆ ನಮ್ಮ ಅಜ್ಜಿ.

ಡಾಕ್ಟರ್: ನಮ್ಮ ಧಾರವಾಡದ ಕಡೆಯೂ ಇದೇ ಮಾತು. ನೀವು ನೋಡಿದ್ದು ಬಹುಮಟ್ಟಿಗೆ ಎರಡು ಗಂಡು ಕೇರೆಗಳ ಕುಸ್ತಿ. ನಾಗರ ಬೇರೆ ಕುಟುಂಬದ ಹಾವು, ಕೇರೆ ಜೊತೆ ಅದರ ಸಂತಾನ ಆಗುವುದೇ ಇಲ್ಲ. ಬಟ್ಟೆ ಎಸೆಯಬೇಡಿ, ದೂರ ನಿಂತು ನೋಡಿ. ಎರಡೂ 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಿತ, ಮನೆಗೆ ತರುವ ಹಾಗೂ ಇಲ್ಲ.

ಪ್ರಶ್ನೆ (ವಾಕಡ್): ಮೊಟ್ಟೆ ಆಗುತ್ತೆ ಅಂತ ಹೇಗೆ ಗೊತ್ತಾಗುತ್ತೆ?

ಡಾಕ್ಟರ್: ಒಂದು ದಿನ ನಡು ಮೈ ದೊಡ್ಡ ಇಲಿ ನುಂಗಿದ ಹಾಗೆ ಉಬ್ಬುತ್ತದೆ, ಆದರೆ ನೀವು ಏನೂ ತಿನ್ನಿಸಿರುವುದಿಲ್ಲ. ಅದು ಅಂಡ ಬಿಡುಗಡೆ. ಎರಡು ಮೂರು ವಾರಕ್ಕೆ ಪೊರೆ ಬಿಡುತ್ತದೆ. ಆ ತಾರೀಕು ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಸುಮಾರು ಒಂದು ತಿಂಗಳಿಗೆ ಮೊಟ್ಟೆ. ಈ ನಡುವೆ ಹೊಟ್ಟೆ ಅರ್ಧ ಮೇಲೆ ಮಾಡಿ ಮಲಗುತ್ತದೆ, ಹೆದರಬೇಡಿ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ಮೊಟ್ಟೆ, ತಾಯಿ ಸುತ್ತಿಕೊಂಡು ಕೂರುತ್ತದೆ. ತೆಗೆಯುವುದಾದರೆ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ತಿರುಗಿಸದೆ 31-32 ಡಿಗ್ರಿಯಲ್ಲಿ ಸುಮಾರು ಎರಡು ತಿಂಗಳು ಇಡಬೇಕು. ಪುಣೆಯ ಏಪ್ರಿಲ್-ಮೇ ಬಿಸಿಲಿಗೆ ಎಚ್ಚರ, ಪೆಟ್ಟಿಗೆ 35 ದಾಟಿದರೆ ಒಳಗಿನ ಜೀವಕ್ಕೆ ಅಪಾಯ. ಕೆಲವು ಮೊಟ್ಟೆ ಬಂದು ಉಳಿದವು ಮಾರನೇ ದಿನವೂ ಒಳಗೇ ಇದ್ದರೆ ಕಾಯಬೇಡಿ, ಒತ್ತಬೇಡಿ, ತಕ್ಷಣ ಡಾಕ್ಟರ್ ಹತ್ರ ತನ್ನಿ. ಮರಿ ಹುಟ್ಟಿದರೆ ಅದನ್ನೂ ಪರಿವೇಶ್‌ನಲ್ಲಿ ತಿಳಿಸಬೇಕು, ಬೇರೆಯವರಿಗೆ ಕೊಟ್ಟರೂ ಅಷ್ಟೇ.

ಪ್ರಶ್ನೆ (ವಾಕಡ್): ಬೇರೆ ಬೇರೆ ಮಾಡಿದೆ ಡಾಕ್ಟ್ರೇ. ಶನಿವಾರ ಎರಡನ್ನೂ ತರುತ್ತೇನೆ.

ಡಾಕ್ಟರ್: ತನ್ನಿ. ಒಂದೊಂದನ್ನೂ ಬೇರೆ ದಿಂಬಿನ ಚೀಲದಲ್ಲಿ ಕಟ್ಟಿ, ಗಾಳಿ ಆಡುವ ಡಬ್ಬದಲ್ಲಿಡಿ. ಗುರುವಾರದಿಂದ ಇಲಿ ಕೊಡಬೇಡಿ, ಹೊಟ್ಟೆ ತುಂಬಿದ್ದರೆ ದಾರಿಯಲ್ಲಿ ಕಕ್ಕುತ್ತವೆ.