ಜೀವಾವಧಿ ಅಧ್ಯಕ್ಷಗಿರಿ ಬೇಡವೆಂದವನು

"ದಂಡಿನವನನ್ನು ಕುರ್ಚಿಯಲ್ಲಿ ಕೂರಿಸಿದರೆ ಎಬ್ಬಿಸಲು ಇನ್ನೊಂದು ದಂಡೇ ಬರಬೇಕು" ಎಂದು ವಕೀಲರು ತೀರ್ಪು ಕೊಟ್ಟರು. ನಮ್ಮ ವಕೀಲರಿಗೆ ವಾದ ಮಾಡುವುದಕ್ಕಿಂತ ತೀರ್ಪು ಕೊಡುವುದೇ ಇಷ್ಟ. ವೃತ್ತಿಯಲ್ಲಿ ಅದಕ್ಕೆ ಅವಕಾಶ ಸಿಗಲಿಲ್ಲ, ಹರಟೆಯಲ್ಲಿ ತೀರಿಸಿಕೊಳ್ಳುತ್ತಾರೆ. ಎದುರಿಗಿದ್ದ ಸುಬೇದಾರರ ಮೀಸೆ ಅಲುಗಿತು. ಇನ್ನೇನು ಗುಂಡು ಹಾರಬೇಕು ಎನ್ನುವಾಗ ಇತಿಹಾಸದ ಮೇಷ್ಟರು ಅಡ್ಡ ಬಂದರು.

"ಬೊಲಿವಿಯಾದ ಸೂಕ್ರೆಯೊಬ್ಬನನ್ನು ಬಿಟ್ಟು ಈ ಮಾತು ಹೇಳಿ ವಕೀಲರೇ, ಒಪ್ಪುತ್ತೇನೆ."

"ಯಾರವನು?"

"ಆಂಟೋನಿಯೋ ಹೋಸೆ ದೆ ಸೂಕ್ರೆ. 1795ರಲ್ಲಿ ವೆನೆಜುವೆಲಾದ ಕುಮನಾದಲ್ಲಿ ಹುಟ್ಟಿದವನು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ದಕ್ಷಿಣ ಅಮೆರಿಕದಲ್ಲಿ ಸ್ಪೇನಿನ ಆಳ್ವಿಕೆಗೆ ಕೊನೆಯ ಮೊಳೆ ಹೊಡೆದ."

ಶಾರದಕ್ಕ ಕಾಫಿ ಲೋಟ ಕೆಳಗಿಟ್ಟರು. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಆಯುಸ್ಸು ಕಳೆದವರು ಅವರು; ಯಾರೇ ಏನೇ ಹೇಳಲಿ, ಎರಡು ಸಲ ಎಣಿಸದೆ ನಂಬುವವರಲ್ಲ. "ಇಪ್ಪತ್ತೊಂಬತ್ತಕ್ಕೇ? ನಮ್ಮ ಹುಡುಗ ಆ ವಯಸ್ಸಿನಲ್ಲಿ ಇನ್ನೂ ಬೈಕಿನ ಬಣ್ಣ ಆರಿಸುತ್ತಿದ್ದ."

ಮೇಷ್ಟರು ಅಯಕುಚೋ ಕದನಕ್ಕೆ ಇಳಿದರು. 1824ರ ಡಿಸೆಂಬರ್ 9. ಪೆರುವಿನ ಎತ್ತರದ ಬಯಲು. ಸೂಕ್ರೆಯ ಕಡೆ ಆರು ಸಾವಿರಕ್ಕೂ ಕಡಿಮೆ ಜನ, ಎದುರಿಗೆ ಸ್ಪೇನಿನ ವೈಸ್‌ರಾಯ್ ಲಾ ಸೆರ್ನಾನ ಒಂಬತ್ತು ಸಾವಿರಕ್ಕೂ ಹೆಚ್ಚು. ಎರಡೂ ಸೈನ್ಯಗಳಲ್ಲಿ ಅಣ್ಣ ತಮ್ಮಂದಿರು, ಬಂಧುಬಳಗ ಹಂಚಿಹೋಗಿದ್ದರು. ಹಾಗಾಗಿ ಕದನ ಶುರುವಾಗುವ ಮೊದಲು ಸ್ವಲ್ಪ ಹೊತ್ತು ಬಿಡುವು ಕೊಟ್ಟು, ನಡುಬಯಲಿನಲ್ಲಿ ತಬ್ಬಿಕೊಂಡು ಕ್ಷೇಮಸಮಾಚಾರ ಕೇಳಿಕೊಳ್ಳಲು ಬಿಟ್ಟರಂತೆ. ಆಮೇಲೆ ಅವರವರ ಸಾಲಿಗೆ ಹಿಂತಿರುಗಿ ಕೊಲ್ಲಲು ತೊಡಗಿದರು.

"ಮದುವೆಮನೆಯಲ್ಲಿ ಬೀಗರು ಮಾಡುವುದೂ ಅದನ್ನೇ" ಎಂದರು ಶಾರದಕ್ಕ.

ಸಂಜೆಯ ಹೊತ್ತಿಗೆ ವೈಸ್‌ರಾಯ್ ಗಾಯಗೊಂಡು ಸೆರೆಯಾಗಿದ್ದ. ಶರಣಾಗತಿಯ ಒಪ್ಪಂದದ ಎರಡನೆಯ ಕಲಮು ಕೇಳಿ ವಕೀಲರ ಕಿವಿ ನೆಟ್ಟಗಾಯಿತು: ಸೋತವರಲ್ಲಿ ಸ್ವದೇಶಕ್ಕೆ ಮರಳಬೇಕೆನ್ನುವವರು ಮರಳಬಹುದು, ಹಡಗಿನ ಖರ್ಚು ಪೆರು ಸರಕಾರದ್ದು.

"ಹೊಡೆದು, ಟಿಕೆಟ್ಟನ್ನೂ ತೆಗೆಸಿಕೊಟ್ಟನೇ! ಇಂಥ ಕಕ್ಷಿದಾರ ನನಗೊಬ್ಬನೂ ಸಿಗಲಿಲ್ಲ."

"ಶತ್ರುವನ್ನು ಅವಮಾನ ಮಾಡಬಾರದು, ಸಾಗಹಾಕಬೇಕು" ಎಂದು ಸುಬೇದಾರರು ಸೂಕ್ರೆಯನ್ನು ಅಲ್ಲಿಯೇ ತಮ್ಮ ರೆಜಿಮೆಂಟಿಗೆ ಸೇರಿಸಿಕೊಂಡರು.

ಅಲ್ಲಿಂದ ಸೂಕ್ರೆ ಆಂಡಿಸ್ ಹತ್ತಿ ಮೇಲಿನ ಪೆರುವಿಗೆ, ಅಂದರೆ ಇಂದಿನ ಬೊಲಿವಿಯಾಕ್ಕೆ, ಹೋದ. ಮುಂದಿನ ಫೆಬ್ರುವರಿಯಲ್ಲಿ ಲಾ ಪಾಸ್‌ನಲ್ಲಿ ಕುಳಿತು, ಈ ನಾಡಿನವರು ತಮ್ಮ ಭವಿಷ್ಯವನ್ನು ತಾವೇ ನಿರ್ಧರಿಸಲಿ ಎಂದು ಸಭೆ ಕರೆದುಬಿಟ್ಟ. ಸ್ಪೇನಿನ ವಿರುದ್ಧದ ಹೋರಾಟದ ನಾಯಕ, ತನ್ನ ಮೇಲಧಿಕಾರಿ ಸಿಮೋನ್ ಬೊಲಿವಾರನ ಒಪ್ಪಿಗೆ ಬರುವ ತನಕ ಕಾಯಲಿಲ್ಲ. ಬೊಲಿವಾರ್ ಸಿಟ್ಟಿನಿಂದ ಕಾಗದ ಬರೆದ: ನಿನಗೆ ಈ ಅಧಿಕಾರ ಕೊಟ್ಟವರಾರು? ಸೂಕ್ರೆ ನೊಂದುಕೊಂಡ. ಆದರೆ ಸಭೆ ಸೇರಿದವರು ಜಾಣರು. ಆಗಸ್ಟ್ 6ರಂದು ಸ್ವಾತಂತ್ರ್ಯ ಘೋಷಿಸಿದರು, 11ರಂದು ಹೊಸ ದೇಶಕ್ಕೆ ಬೊಲಿವಾರನ ಹೆಸರನ್ನೇ ಇಟ್ಟರು.

"ಸಿಟ್ಟು ಇಳಿಯಿತೇ?"

"ಇಳಿಯದೆ ಇರುತ್ತದೆಯೇ? ತನ್ನ ಹೆಸರಿನ ದೇಶವನ್ನು ಬೇಡವೆನ್ನಲು ಅವನೇನು ಸಂನ್ಯಾಸಿಯೇ? ಬಂದ, ನೋಡಿದ, ಸಂವಿಧಾನ ಬರೆದುಕೊಡುವುದಾಗಿ ಒಪ್ಪಿಕೊಂಡ. ವರ್ಷದ ಕೊನೆಗೆ ಆಡಳಿತವನ್ನು ಸೂಕ್ರೆಗೆ ವಹಿಸಿ ಹೊರಟ."

1826ರಲ್ಲಿ ಆ ಸಂವಿಧಾನ ಬಂತು. ಶಾಸನಸಭೆಗೆ ಒಂದಲ್ಲ ಎರಡಲ್ಲ, ಮೂರು ಸದನ. ಮೂರನೆಯದರಲ್ಲಿ ಜನರ ನೀತಿನಡತೆ, ವಿದ್ಯೆ, ಪತ್ರಿಕೆಗಳ ಮೇಲೆ ಕಣ್ಣಿಡುವ ಸೆನ್ಸಾರರು. ಎಲ್ಲಕ್ಕೂ ಮೇಲೆ ಒಬ್ಬ ಅಧ್ಯಕ್ಷ, ಬದುಕಿರುವವರೆಗೂ ಅವನೇ.

"ಜೀವಾವಧಿಯೇ? ಏನು ಅಪರಾಧ ಮಾಡಿದ್ದ?" ವಕೀಲರ ಪ್ರಶ್ನೆ.

"ಖಜಾನೆಯಲ್ಲಿ ಎಷ್ಟಿತ್ತು?" ಶಾರದಕ್ಕನ ಪ್ರಶ್ನೆ.

ಶಾರದಕ್ಕ ಗಂಟಿಗೇ ಕೈ ಹಾಕಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದಕ್ಕೆ ಆ ಸಂವಿಧಾನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪೊಟೊಸಿಯ ಬೆಳ್ಳಿಬೆಟ್ಟ ಹೆಸರಿಗೆ ಬೆಳ್ಳಿಯದು; ಹದಿನೈದು ವರ್ಷದ ಯುದ್ಧದಲ್ಲಿ ಗಣಿಗಳು ಪಾಳುಬಿದ್ದಿದ್ದವು. ಗಣಿ ನಡೆಸುತ್ತೇವೆಂದು ಲಂಡನ್ನಿನಲ್ಲಿ ಷೇರು ಮಾರಿ ಹೊರಟ ಕಂಪನಿ, 1825ರ ಕೊನೆಯಲ್ಲಿ ಅಲ್ಲಿನ ಮಾರುಕಟ್ಟೆ ಕುಸಿದಾಗ ನೆಲ ಕಚ್ಚಿತು. ಶತಮಾನಗಳಿಂದ ಮೂಲನಿವಾಸಿಗಳು ಮಾತ್ರ ಕಟ್ಟುತ್ತಿದ್ದ ತಲೆಗಂದಾಯವನ್ನು ರದ್ದು ಮಾಡಿ, ಎಲ್ಲರೂ ವರಮಾನಕ್ಕೆ ತಕ್ಕಂತೆ ತೆರಿಗೆ ಕೊಡಿ ಎಂದರು. ಉಳ್ಳವರು ಕೂಗೆಬ್ಬಿಸಿದರು. ಕೊನೆಗೆ ಹೊಸ ತೆರಿಗೆ ಹೋಯಿತು, ಹಳೆಯ ತಲೆಗಂದಾಯ ಹಿಂದಿರುಗಿತು. ಕೊಡುವವರು ಮತ್ತೆ ಅದೇ ಬಡವರು. ಸೂಕ್ರೆಯ ಆಡಳಿತದಲ್ಲಿ ನನಗೆ ಒಪ್ಪಲಾಗದ ಭಾಗ ಇದು. ಯುದ್ಧಭೂಮಿಯಲ್ಲಿ ವೈಸ್‌ರಾಯನಿಗೆ ಮಣಿಯದವನು ಜಮೀನ್ದಾರರ ಅರ್ಜಿಗೆ ಮಣಿದ.

ಆದರೂ ಕೈಕಟ್ಟಿ ಕೂರಲಿಲ್ಲ ಎಂದರು ಮೇಷ್ಟರು. ಬೆರಳೆಣಿಕೆಯ ಸಂನ್ಯಾಸಿಗಳಿದ್ದ ಮಠಗಳನ್ನು ಮುಚ್ಚಿಸಿ, ಆಸ್ತಿಯನ್ನು ಶಾಲೆಗಳಿಗೆ ತಿರುಗಿಸಿದ. ಶಿಕ್ಷಣದ ಹೊಣೆ ಬೊಲಿವಾರನ ಬಾಲ್ಯದ ಗುರು ಸಿಮೋನ್ ರೊಡ್ರಿಗೆಸ್‌ನದು. ಆತ ರಾಜಧಾನಿ ಚುಕಿಸಾಕಾದಲ್ಲಿ ಬಡಮಕ್ಕಳನ್ನು, ಗಂಡುಹೆಣ್ಣೆನ್ನದೆ, ಕೂಡಿಸಿ ಓದುಬರಹದ ಜತೆ ಬಡಗಿ ಕೆಲಸ, ಗಾರೆ ಕೆಲಸ ಕಲಿಸಲು ಹೊರಟ. ದೊಡ್ಡ ಮನೆತನದವರಿಗೆ ಮೈ ಉರಿಯಿತು. ಖರ್ಚಿನ ಪಟ್ಟಿ ನೋಡಿ ಸೂಕ್ರೆಗೂ ತಲೆ ಬಿಸಿಯಾಯಿತು. ರೊಡ್ರಿಗೆಸ್ ಒಮ್ಮೆ ಸೂಕ್ರೆಯನ್ನು ಔತಣಕ್ಕೆ ಕರೆದು ಹೊಚ್ಚಹೊಸ ಮೂತ್ರದ ಪಾತ್ರೆಗಳಲ್ಲಿ ಊಟ ಬಡಿಸಿದ ಎಂಬ ಕತೆಯೂ ಇದೆ. ಕತೆ ನಿಜವೋ ಸುಳ್ಳೋ, ಕೇಳಿದ ಮೇಲೆ ಶಾರದಕ್ಕ ಬೋಂಡದ ತಟ್ಟೆಯನ್ನು ದೂರ ಸರಿಸಿದ್ದಂತೂ ನಿಜ. ರೊಡ್ರಿಗೆಸ್ ವರ್ಷ ತುಂಬುವಷ್ಟರಲ್ಲಿ ರಾಜೀನಾಮೆ ಕೊಟ್ಟ.

"ಸರಿ, ಆ ಜೀವಾವಧಿ ಏನಾಯಿತು?"

"ಸೂಕ್ರೆ ಒಪ್ಪಲಿಲ್ಲ. ಎರಡು ವರ್ಷ ಸಾಕು, 1828ಕ್ಕೆ ಬಿಡುತ್ತೇನೆ ಎಂದ. ನಾನು ಹೊರಗಿನವನು, ಸೈನ್ಯವೂ ಕೊಲಂಬಿಯಾದ್ದು, ಮನೆಯವರೇ ಮನೆ ನಡೆಸಲಿ ಎಂಬ ಲೆಕ್ಕ."

ವಕೀಲರು ಪಾಟೀಸವಾಲಿಗೆ ಎದ್ದರು. "ಬಿಡುತ್ತೇನೆ ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಬಿಟ್ಟನೇ?"

ಬಿಡುವ ಮೊದಲೇ ಗುಂಡು ಬಿತ್ತು. 1828ರ ಏಪ್ರಿಲ್ 18ರ ಬೆಳಗ್ಗೆ ಚುಕಿಸಾಕಾದ ಬ್ಯಾರಕ್ಕಿನಲ್ಲಿ ಸಿಪಾಯಿಗಳು ದಂಗೆ ಎದ್ದರು. ಅಧ್ಯಕ್ಷ ಕುದುರೆ ಏರಿ ನಾಲ್ಕಾರು ಜನರೊಂದಿಗೆ ತಾನೇ ಹೋದ. ಒಳಗಿನಿಂದ ಹಾರಿದ ಗುಂಡು ಬಲತೋಳಿನ ಮೂಳೆ ಮುರಿಯಿತು.

"ಸಂಬಳ ಬಾಕಿ ಇತ್ತೇ?" ಸುಬೇದಾರರು ಕೇಳಿದರು.

"ಅದೂ ಒಂದು ಕಾರಣ. ಹಿಂದೆ ನಿಂತು ಕಡ್ಡಿ ಆಡಿಸಿದವರೂ ಇದ್ದರು."

"ಸಂಬಳ ಬಾಕಿ ಇದ್ದಾಗ ಬ್ಯಾರಕ್ಕಿಗೆ ಬರಿಗೈಯಲ್ಲಿ ಹೋಗಬಾರದಿತ್ತು." ಸುಬೇದಾರರು ಇದನ್ನು ಹೇಳಿದ ಬಗೆಯಲ್ಲಿ ಸಿಪಾಯಿಗಳ ಮೇಲೂ ಅಧ್ಯಕ್ಷನ ಮೇಲೂ ಸಮನಾದ ಮರುಕವಿತ್ತು.

ಅತ್ತ ಪೆರುವಿನ ಜನರಲ್ ಗಮಾರಾ ಸೈನ್ಯಸಮೇತ ಗಡಿ ದಾಟಿ ಬಂದ. ಏಕೆಂದರೆ, ಸೂಕ್ರೆಯ ಪ್ರಾಣ ಕಾಪಾಡಲು! ಕೈ ಮುರಿದವರನ್ನು ನೋಡಲು ಹಣ್ಣು ತರುವುದುಂಟು, ಆತ ಫಿರಂಗಿ ತಂದ. ಜುಲೈನಲ್ಲಿ ಪಿಕಿಸಾ ಎಂಬಲ್ಲಿ ಒಪ್ಪಂದವಾಯಿತು: ಕೊಲಂಬಿಯಾದ ಪಡೆ ಹೊರಡಬೇಕು, ಸೂಕ್ರೆಯೂ ಹೊರಡಬೇಕು. ಆತ ಹೇಗೂ ಹೊರಟವನೇ. ಆಗಸ್ಟ್ 2ರಂದು ವಿದಾಯದ ಪತ್ರ ಕೊಟ್ಟು, ಎಷ್ಟೇ ಗಂಡಾಂತರ ಬಂದರೂ ಬೊಲಿವಿಯಾದ ಸ್ವಾತಂತ್ರ್ಯವನ್ನು ಕಾಪಾಡಿಕೊಳ್ಳಿ ಎಂದು ಬೇಡಿಕೊಂಡು ಇಂದಿನ ಈಕ್ವೆಡಾರಿನ ಕೀಟೋ ನಗರದ ದಾರಿ ಹಿಡಿದ. ಅಲ್ಲಿ ಹೆಂಡತಿ ಕಾಯುತ್ತಿದ್ದಳು.

"ಹೆಂಡತಿ ಯಾವಾಗ ಬಂದಳು?" ಶಾರದಕ್ಕ ಲೆಕ್ಕ ತಪ್ಪಿತೆಂಬಂತೆ ಕೇಳಿದರು.

"ಏಪ್ರಿಲ್ 20ಕ್ಕೆ. ಸೊಲಾಂದಾದ ಮಾರ್ಕಿಸ್ ಎಂಬ ಬಿರುದಿನ ಮರಿಯಾನಾ ಕಾರ್ಸೆಲೆನ್. ಮದುವೆ ಕೀಟೋದಲ್ಲಿ, ವರನ ಪರವಾಗಿ ಮುಖ್ತಿಯಾರಿನವನು ನಿಂತಿದ್ದ. ವರ ಚುಕಿಸಾಕಾದಲ್ಲಿ, ಎರಡು ದಿನದ ಹಿಂದೆ ಮುರಿದ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ."

"ಪಾಪ, ಆ ಹುಡುಗಿ ಗಂಡ ಗಟ್ಟಿಮುಟ್ಟಾಗಿದ್ದಾನೆ ಎಂದೇ ತಿಳಿದಿರಬೇಕು."

"ವಕಾಲತ್ತು ಮಾತ್ರ ಸಿಂಧು" ಎಂದರು ವಕೀಲರು.

ಬೊಲಿವಿಯಾದ ಕುರ್ಚಿಯ ಮುಂದಿನ ಗತಿಯೂ ಕೇಳುವಂಥದ್ದೇ. ಅದೇ ಡಿಸೆಂಬರಿನಲ್ಲಿ ಜನರಲ್ ಪೆದ್ರೊ ಬ್ಲಾಂಕೋ ಅಧ್ಯಕ್ಷನಾದ. ವಾರ ತುಂಬುವುದರೊಳಗೆ ಹಿಡಿದು ಕೂಡಿಹಾಕಿದರು, ಹೊಸ ವರ್ಷದ ದಿನ ಕೊಂದರು. ಈ ವಿಷಯಕ್ಕೆ ವಕೀಲರು ವಿಜಯದ ನಗೆ ಬೀರಿದರು; ಯಾರೂ ತಡೆಯಲಿಲ್ಲ.

ಸೂಕ್ರೆಗೂ ನೆಮ್ಮದಿ ಸಿಗಲಿಲ್ಲ. 1830ರ ಜೂನ್ 4ರಂದು, ಬೊಗೋಟಾದಿಂದ ಮನೆಗೆ ಮರಳುವಾಗ ಬೆರುಯೆಕೊಸ್ ಕಾಡಿನಲ್ಲಿ ಹೊಂಚುಹಾಕಿ ಕೊಂದರು. ಆಗ ವಯಸ್ಸು ಮೂವತ್ತೈದು. ಕೊಲೆಗಾಗಿ ಒಬ್ಬನಿಗೆ 1842ರಲ್ಲಿ ಮರಣದಂಡನೆ ಆಯಿತು. ಕೊಲ್ಲಿಸಿದವರಾರು ಎಂಬ ಜಗಳ ಮುಗಿದಿಲ್ಲ. ಮರಿಯಾನಾ ಶವವನ್ನು ಗುಟ್ಟಾಗಿ ಹೂಳಿಸಿದಳು. ಕೀಟೋದ ಕಾನ್ವೆಂಟೊಂದರಲ್ಲಿ ಅಸ್ಥಿ ಸಿಕ್ಕಿದ್ದು 1900ರಲ್ಲಿ.

"ಅಷ್ಟರಲ್ಲಿ ಹೆಸರಿಗೇನೂ ಬರವಿರಲಿಲ್ಲ" ಎಂದರು ಮೇಷ್ಟರು. "ಚುಕಿಸಾಕಾ ನಗರವೇ ಸೂಕ್ರೆ ಆಗಿತ್ತು. 1884ರಲ್ಲಿ ಈಕ್ವೆಡಾರ್ ತನ್ನ ನಾಣ್ಯಕ್ಕೂ ಅದೇ ಹೆಸರಿಟ್ಟಿತ್ತು."

"ಸಿಪಾಯಿಗೆ ಸಂಬಳ ಹೊಂದಿಸಲಾಗದವನ ಹೆಸರನ್ನು ದುಡ್ಡಿಗೇ ಇಟ್ಟರೇ!" ಶಾರದಕ್ಕ ಬಾಯಿಗೆ ಸೆರಗು ಹಿಡಿದರು. "ಎಷ್ಟು ಬೆಲೆ ಬಾಳುತ್ತಿತ್ತು?"

"2000ದಲ್ಲಿ ರದ್ದು ಮಾಡುವಾಗ ಒಂದು ಡಾಲರಿಗೆ 25,000 ಸೂಕ್ರೆ. ಈಗ ಅಲ್ಲಿ ಅಮೆರಿಕದ ಡಾಲರೇ ನಡೆಯುತ್ತದೆ."

"ಅಂದರೆ ಜೇಬಿನಲ್ಲಿ ಈಗ ಯಾರಿದ್ದಾರೆ?" ವಕೀಲರು ಕೇಳಬಾರದಾಗಿತ್ತು.

"ಒಂದರ ನೋಟಿನಲ್ಲಿ ಜಾರ್ಜ್ ವಾಷಿಂಗ್ಟನ್. ಅವನೂ ದಂಡನಾಯಕ, ಆಮೇಲೆ ಅಧ್ಯಕ್ಷ. ಎರಡು ಅವಧಿ ಮುಗಿಸಿ ತಾನಾಗಿಯೇ ತೋಟದ ಮನೆಗೆ ಹೋದ."

ಸುಬೇದಾರರು ಎರಡು ಬೆರಳು ಎತ್ತಿ ತೋರಿಸಿದರು. "ಎರಡಾಯಿತು ವಕೀಲರೇ. ಬರೆದುಕೊಳ್ಳಿ, ಕಾಫಿಯ ಬಿಲ್ಲನ್ನೂ ಕೊಡಿ."